ಎಷ್ಟು ಹೊತ್ತು ಉಣ್ತೀರಿ

ನಮ್ಮೂರಲ್ಲಿ ಫ್ಯಾನು ಯಾರಿಗ್ರೀ ಬೇಕು? ಹೊಂಗಡಹಳ್ಳದಿಂದ ಇನ್ನೂ ಮೂರು ಮೈಲಿ ಒಳಗೆ, ಗುಡ್ಡದ ಓರೆಯಲ್ಲಿ ಹತ್ತು ಹನ್ನೆರಡು ಮನೆ. ವರ್ಷದಲ್ಲಿ ಎಂಟು ತಿಂಗಳು ಕಂಬಳಿ ಬಿಟ್ಟು ಏಳೋಕೆ ಮನಸ್ಸು ಬರದ ಜಾಗ. ಅಂಥಾ ಕಡೆ ನಮ್ಮವ್ವನ ಜೀವ ಒಂದು ಟೇಬಲ್ ಫ್ಯಾನಿನ ದೆಸೆಯಿಂದ ಹೋಗೋದ್ರಲ್ಲಿತ್ತು ಅಂದರೆ ಯಾರಾದರೂ ನಂಬ್ತಾರಾ? ನಂಬಬೇಕು, ಸರ್ಕಾರದ ಕಾಗದದಲ್ಲಿ ಹಾಗೇ ಬರೆದಿತ್ತು. ಆ ಫ್ಯಾನು ನಮ್ಮದೂ ಅಲ್ಲ. ಇಪ್ಪತ್ತು ವರ್ಷದ ಮೇಲಾಯ್ತು, ಇವತ್ತಿಗೂ ಯಾವುದಾದರೂ ಅಂಗಡಿ ಒಳಗೆ ಟೇಬಲ್ ಫ್ಯಾನು ತಿರುಗೋದು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ.

ಮನೇಲಿ ಇದ್ದದ್ದು ನಾವಿಬ್ಬರೇ, ಅವ್ವ ಮತ್ತು ನಾನು. ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಹೋದರು. ಮನೆ ಕೆಳಗೆ ಮುಕ್ಕಾಲು ಎಕರೆ ಗದ್ದೆ, ಅದರಲ್ಲಿ ಆನೆ ತಿಂದು ಬಿಟ್ಟಷ್ಟು ಭತ್ತ ನಮ್ಮದು. ಅವ್ವ ಹತ್ತಿರದ ಎಸ್ಟೇಟಿಗೆ ಕೂಲಿಗೆ ಹೋಗ್ತಿದ್ದಳು. ಕೂಲಿಗೆ ಹೋದರೂ ಗತ್ತಿಗೇನೂ ಕಮ್ಮಿ ಇರಲಿಲ್ಲ. ಸ್ವಂತ ಮನೆ, ಸ್ವಂತ ಗದ್ದೆ ಇರೋ ಜನ ನಾವು ಅಂತ ದಿನಕ್ಕೆ ಒಂದು ಸಲವಾದರೂ ಅನ್ನೋಳು. ಹಣೆಗೆ ವಿಭೂತಿ ಹಚ್ಚದೆ, ತಲೆ ಬಾಚದೆ ಹೊಸಿಲು ದಾಟಿದೋಳಲ್ಲ.

ಬೆಳಿಗ್ಗೆ ನನ್ನ ತಟ್ಟೆಗೆ ರೊಟ್ಟಿ ಹಾಕಿ "ನೀನು ಉಣ್ಣು, ನಾನು ಆಮೇಲೆ ಉಣ್ತೀನಿ" ಅನ್ನೋಳು. ರಾತ್ರಿಗೂ ಅದೇ ಮಾತು. ನಮ್ಮ ಕಡೆ ಹೆಂಗಸರೆಲ್ಲ ಹಾಗೇ. ಎಲ್ಲರದ್ದೂ ಆದಮೇಲೆ ಒಲೆ ಮುಂದೆ ಕೂತು ಉಂಡು, ಪಾತ್ರೆ ತೊಳೆದು ಬರ್ತಾರೆ. ಒಳಗೆ ಏನು ಉಳಿದಿತ್ತು, ಎಷ್ಟು ಉಂಡರು ಅಂತ ಯಾರೂ ಬಗ್ಗಿ ನೋಡಲ್ಲ. ಕೆಲಸಕ್ಕೆ ಹೊರಟರೆ ಅವ್ವನ ಕೈಲಿ ಸ್ಟೀಲಿನ ಬುತ್ತಿ ಡಬ್ಬಿ ಇರ್ತಿತ್ತು. ಸಂಜೆ ಬರುವಾಗ ಹಳ್ಳದಲ್ಲೇ ತೊಳೆದು ತಂದು ಬಾಗಿಲ ಹಿಂದಿನ ಮೊಳೆಗೆ ನೇತು ಹಾಕೋಳು. ಯಾವತ್ತು ನೋಡಿದರೂ ಅದು ಹೊಸದರ ಹಾಗೆ ಹೊಳೀತಿತ್ತು.

ನಾನು ಸಕಲೇಶಪುರದಲ್ಲಿ ಪಿಯುಸಿ ಓದ್ತಿದ್ದೆ. ತೊಂಬತ್ತರ ದಶಕ ಮುಗೀತಾ ಬಂದಿತ್ತು. ಒಂದಿನ ಪಂಚಾಯ್ತಿ ಅಟೆಂಡರು ಬಂದು "ನಾಳೆ ಮನೆಮನೆ ವಿಷಯ ಬರ್ಕೊಳಕ್ಕೆ ಬತ್ತಾರೆ, ಯಾರೂ ಕೆಲ್ಸಕ್ಕೆ ಹೋಗ್ಬ್ಯಾಡಿ" ಅಂತ ಕೂಗಿ ಹೋದ. ಯಾಕೆ ಬರ್ತಾರೆ, ಅದರಿಂದ ಏನು ಸಿಗುತ್ತೆ, ಏನು ತಪ್ಪಿಹೋಗುತ್ತೆ ಅಂತ ಒಂದು ಮಾತು ಹೇಳಬೇಕೋ ಬೇಡ್ವೋ? ಹೇಳಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ ಅನ್ಸುತ್ತೆ. ಬರೋರು ಯಾರು ಅಂತ ಮಾತ್ರ ಹೇಳಿದ. ನಮ್ಮ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು.

ಲೆಕ್ಕದಲ್ಲಿ ಕ್ಲಾಸಿಗೇ ಜಾಸ್ತಿ ನಂಬರು ಬಂದಾಗ ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದ ಮೇಷ್ಟ್ರು ಅವರು. "ಅವರನ್ನ ಚಾಪೆ ಮೇಲೆ ಕೂರಿಸ್ತೀಯೇನವ್ವಾ?" ಅಂತ ಕುಣಿದಾಡಿಬಿಟ್ಟೆ. ಅವ್ವನಿಗೂ ಅದೇ ಯೋಚನೆ ಹತ್ತಿತ್ತು. ನಮ್ಮೂರಲ್ಲಿ ಒಂದು ವಾಡಿಕೆ ಐತೆ. ಯಾರ ಮನೆಗಾದರೂ ಪ್ಯಾಂಟು ಹಾಕಿದ ನೆಂಟರು ಬಂದರೆ, ಪಕ್ಕದ ಮನೆ ಕುರ್ಚಿ, ಲೋಟ, ಜಮಖಾನ ಎಲ್ಲಾ ಆ ಮನೆಗೆ ಬಂದು ಕೂರ್ತವೆ. ಹೆಣ್ಣು ನೋಡೋಕೆ ಬಂದ ದಿನವಂತೂ ಊರಿನ ಸ್ಟೀಲ್ ಲೋಟಗಳೆಲ್ಲಾ ಒಂದೇ ಮನೇಲಿ ಇರ್ತವೆ. ಅದನ್ನ ಯಾರೂ ಸುಳ್ಳು ಅಂದ್ಕೊಳ್ಳಲ್ಲ. ಬಂದವರಿಗೆ ಮಾಡೋ ಮರ್ಯಾದೆ ಅಷ್ಟೇ.

ಪಕ್ಕದ ಮನೆ ದೊಡ್ಡವ್ವ ನಮಗೆ ರಕ್ತಸಂಬಂಧ ಅಲ್ಲ, ಬಾಯಿಮಾತಿನ ದೊಡ್ಡವ್ವ. ಅವರಿಗೆ ನಾಲ್ಕೆಕರೆ ಕಾಫಿ ತೋಟ, ಗದ್ದೆ ಉಳೋಕೆ ಟಿಲ್ಲರು, ಎರಡು ಪ್ಲಾಸ್ಟಿಕ್ ಕುರ್ಚಿ, ಮತ್ತೆ ಆ ದರಿದ್ರದ ಫ್ಯಾನು. ಹಾಸನದ ಅಳಿಯ ತಂದುಕೊಟ್ಟಿದ್ದು. ಅವರ ಮನೇಲೂ ಅದನ್ನ ಯಾರೂ ಹಾಕ್ತಿರಲಿಲ್ಲ, ಬಟ್ಟೆ ಹೊದಿಸಿ ಮೂಲೇಲಿ ಇಟ್ಟಿದ್ದರು. ಕುರ್ಚಿ, ಲೋಟ ಕೇಳಿ ತಂದದ್ದು ಅವ್ವ. ಫ್ಯಾನು ಕೇಳಿ ತಂದದ್ದು ನಾನು. ಇದನ್ನ ಬರೆಯೋವಾಗಲೂ ಕೈ ತಡೀತೈತೆ.

ಮೇಷ್ಟ್ರು ಬಂದದ್ದು ಸೋಮವಾರ ಮಧ್ಯಾಹ್ನ. ಮಾರ್ಚಿನ ಬಿಸಿಲಲ್ಲಿ ಏರು ಹತ್ತಿ ಬಂದು ಬೆವರು ಒರೆಸ್ಕೊಳ್ತಿದ್ದರು. ನಮ್ಮ ಮನೇಲಿ ಇದ್ದದ್ದು ಸರ್ಕಾರ ಪುಕ್ಕಟೆ ಕೊಟ್ಟ ಒಂದು ಬಲ್ಬಿನ ಕರೆಂಟು. ಆ ಬಲ್ಬು ಬಿಚ್ಚಿ, ಹೋಲ್ಡರಿಗೆ ಫ್ಯಾನಿನ ವೈರು ಸಿಕ್ಕಿಸಿದ್ದೆ. ಗರ್ ಅಂತ ತಿರುಗಿತು. ಮೇಷ್ಟ್ರು ಕುರ್ಚೀಲಿ ಒರಗಿ ಗಾಳಿಗೆ ಮುಖ ಒಡ್ಡಿ, "ಪರವಾಗಿಲ್ಲ ಕಣಮ್ಮ, ಮನೇನ ಅಚ್ಚುಕಟ್ಟಾಗಿ ಇಟ್ಕೊಂಡಿದೀರಿ" ಅಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವರ ಕೈಲಿ ಉದ್ದದ್ದೊಂದು ಹಾಳೆ. ಮನೆ ಹೆಂಚಿಂದಾ? ಹೆಂಚು. ಜಮೀನು ಯಾರ ಹೆಸರಲ್ಲಿದೆ? ಅಪ್ಪ ಹೋದಮೇಲೆ ಅವ್ವನ ಹೆಸರಿಗಾಗಿತ್ತು, ಬರೆದರು. ಗೋಡೆ ಗಡಿಯಾರ? ಕಣ್ಣೆದುರಿಗೇ ಇತ್ತು, ಅದು ನಿಂತು ಐದು ವರ್ಷ ಆಗಿದ್ದು ಅವರಿಗೆ ಗೊತ್ತಾಗಲಿಲ್ಲ, ಬರೆದರು. ಕುರ್ಚಿ ಇದೆಯಾ ಅಂತ ಕೇಳಲೇ ಇಲ್ಲ, ಕೂತಿದ್ದರಲ್ಲ. ಫ್ಯಾನಿದೆಯಾ ಅಂತಲೂ ಕೇಳಲಿಲ್ಲ. ಎಷ್ಟು ಜೊತೆ ಬಟ್ಟೆ ಇದಾವೆ ಅಂದಾಗ ಅವ್ವ ತಲೆ ಬಗ್ಗಿಸಿ ನಕ್ಕಳು. ಆಮೇಲೆ ಕೇಳಿದರು, "ದಿನಕ್ಕೆ ಎಷ್ಟು ಹೊತ್ತು ಉಣ್ತೀರಿ?"

ಅವ್ವ ಬಾಯಿ ತೆರೆದಳು. ಏನೋ ಹೇಳೋಕೆ ಹೊರಟಿದ್ದಳು, ತುಟಿ ಅಲುಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟರಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ. "ಮೂರು ಹೊತ್ತು ಸಾರ್! ಇದೇನ್ ಸಾರ್, ಹಿಂಗೆ ಕೇಳ್ತೀರಿ?" ನನಗೆ ಅದು ಸುಳ್ಳು ಅಂತಲೂ ಅನ್ನಿಸಿರಲಿಲ್ಲ. ನಾನು ಮೂರು ಹೊತ್ತೂ ಉಣ್ತಿದ್ದೆ. ಮೇಷ್ಟ್ರು ಬರ್ಕೊಂಡರು. ಅವ್ವ ಬಾಯಿ ಮುಚ್ಕೊಂಡು ಕಾಫಿ ತರೋಕೆ ಒಳಗೆ ಹೋದಳು.

ನಮ್ಮ ಮನೆಯಿಂದ ಎದ್ದು ಮೇಷ್ಟ್ರು ಹೋದದ್ದು ದೊಡ್ಡವ್ವನ ಮನೆಗೆ. ಅವರ ಕುರ್ಚಿ ನಮ್ಮ ಮನೇಲಿ, ಫ್ಯಾನು ನಮ್ಮ ಮನೇಲಿ, ಲೋಟ ನಮ್ಮ ಮನೇಲಿ, ಟಿಲ್ಲರು ಗದ್ದೇಲಿ. ತೋಟ ಇನ್ನೂ ಅವಳ ಸತ್ತುಹೋದ ಮಾವನ ಹೆಸರಲ್ಲಿತ್ತು. ದೊಡ್ಡವ್ವ ಚಾಪೆ ಹಾಸಿ ಕೂರಿಸಿದಳು. ಎಷ್ಟು ಹೊತ್ತು ಉಣ್ತೀರಿ ಅಂದದ್ದಕ್ಕೆ "ಒಂದೇ ಹೊತ್ತು ಕಣಪ್ಪ, ಸೋಮವಾರ ಅಲ್ವಾ, ಒಪ್ಪತ್ತು" ಅಂದಳಂತೆ. ಶಿವನ ಹೆಸರಲ್ಲಿ ಬಿಟ್ಟ ಊಟ ಅದು. ಲೆಕ್ಕದ ಮೇಷ್ಟ್ರು ಒಂದು ಅಂತ ಬರ್ಕೊಂಡು ಎದ್ದರು.

ಆರು ತಿಂಗಳಿಗೆ ಆ ಹಾಳೆ ನೋಡಿ ಮಾಡಿದ ರೇಷನ್ ಕಾರ್ಡು ಬಂದವು. ದೊಡ್ಡವ್ವನಿಗೆ ಹಳದಿ ಕಾರ್ಡು, ಬಡವರದ್ದು. ನಮಗೆ ಬೇರೆ ಬಣ್ಣದ್ದು, ಸೀಮೆಎಣ್ಣೆ ಬಿಟ್ಟರೆ ಏನಕ್ಕೂ ಬಾರದ್ದು. ನಾವೆಲ್ಲಾ ಬಿದ್ದು ಬಿದ್ದು ನಕ್ಕೆವು. "ಅಕ್ಕಿ ತಂದಾಗ ಅರ್ಧ ನಿಂಗೆ ಕೊಡ್ತೀನಿ ಬುಡೇ" ಅಂತ ದೊಡ್ಡವ್ವ ಅಂದಳು, ಕೊಟ್ಟಳು ಕೂಡ. ಸರ್ಕಾರದ ಪ್ರಕಾರ ನಾವು ಸಾಹುಕಾರರು ಅಂತ ಕಾಲೇಜಲ್ಲಿ ಹೇಳಿ ಗೆಳತಿಯರನ್ನೆಲ್ಲಾ ನಗಿಸಿದ್ದೆ. ನನ್ನ ಬಾಯಿಗೆ ಮಣ್ಣು ಹಾಕ.

ಎರಡು ವರ್ಷ ಆದಮೇಲೆ ಅವ್ವ ಏರು ಹತ್ತುವಾಗ ನಿಂತು ನಿಂತು ಬರೋಕೆ ಶುರು ಮಾಡಿದಳು. ಕಾಫಿ ಮೂಟೆ ಹೊತ್ತರೆ ತುಟಿ ನೀಲಿಗಟ್ಟೋದು, ಸಂಜೆ ಕಾಲು ಊದೋದು. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡ್ತಿದ್ದಳು. ಕೊನೆಗೆ ಎಳ್ಕೊಂಡು ಹಾಸನಕ್ಕೆ ಹೋದೆ. ಹೃದಯ ನೋಡೋ ಡಾಕ್ಟರು ಬಹಳ ಹೊತ್ತು ಎದೆಗೆ ಕಿವಿ ಕೊಟ್ಟರು. ಚಿಕ್ಕೋಳಿದ್ದಾಗ ಕೀಲು ಊದಿ ಜ್ವರ ಬರ್ತಿತ್ತಾ ಅಂತ ಕೇಳಿದರು. ಬರ್ತಿತ್ತು. ಅದೇ ಜ್ವರ ಹೃದಯಕ್ಕೆ ಕೂತು, ಒಳಗಿನ ಒಂದು ಬಾಗಿಲು ಬಿಗಿದುಕೊಂಡು ಕಿರಿದಾಗೈತೆ ಅಂದರು. ತೊಡೆಯ ನರದಿಂದ ಬಲೂನು ತೂರಿಸಿ ಅದನ್ನ ಅಗಲ ಮಾಡಬಹುದು, ಆದರೆ ಮಳೆಗಾಲ ಶುರುವಾಗೋದ್ರೊಳಗೆ ಆಗಬೇಕು, ಆ ಥಂಡಿಗೆ ಕಫ ಕಟ್ಟಿದರೆ ಈಕೆ ತಡ್ಕೊಳ್ಳಲ್ಲ ಅಂದರು. ಆಗ ಫೆಬ್ರವರಿ.

"ಮೈಯಲ್ಲಿ ರಕ್ತಾನೇ ಇಲ್ವಲ್ಲ, ಸರಿಯಾಗಿ ಊಟ ಮಾಡ್ತೀಯೇನಮ್ಮ?" ಅಂತಲೂ ಕೇಳಿದರು. ಅವ್ವ ತಲೆ ಆಡಿಸಿದಳು. ನಾನು "ಮಾಡ್ತಾರೆ ಡಾಕ್ಟ್ರೇ" ಅಂದೆ. ಅಲ್ಲೂ ನಾನೇ.

ಹಳದಿ ಕಾರ್ಡು ಇದ್ದರೆ ದೊಡ್ಡಾಸ್ಪತ್ರೇಲಿ ಒಂದು ಪೈಸೆ ಇಲ್ಲದೆ ಎಲ್ಲಾ ಮಾಡ್ತಾರೆ ಅಂದರು ಡಾಕ್ಟರು. ಇಲ್ಲದಿದ್ದರೆ ಎಷ್ಟಾಗುತ್ತೆ ಅಂತಲೂ ಹೇಳಿದರು. ನಮ್ಮ ಮುಕ್ಕಾಲು ಎಕರೆ ಗದ್ದೇನ ಆನೆ ಸಮೇತ ಮಾರಿದರೂ ಅರ್ಧ ಆಗ್ತಿರಲಿಲ್ಲ.

ಕಾರ್ಡು ಕೊಡೋ ಕಚೇರಿಗೆ ಹೋದೆ, ಅದು ಯಾವೂರಿನದು ಅಂತ ನಾನು ಹೇಳಲ್ಲ. ಆ ಕುರ್ಚಿ, ಆ ಮುಖ ಎಲ್ಲಾ ಊರಲ್ಲೂ ಅವೆ. ಗುಮಾಸ್ತ ಕಟ್ಟು ಬಿಚ್ಚಿ, ನಮ್ಮ ಹಾಳೆ ಹುಡುಕಿ ಓದಿದ. ಹೆಂಚಿನ ಮನೆ, ಸ್ವಂತ ಜಮೀನು, ಗಡಿಯಾರ, ಕುರ್ಚಿ, ಫ್ಯಾನು, ಮೂರು ಹೊತ್ತು ಊಟ. ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದ. "ಇನ್ನೇನಮ್ಮ ಬೇಕು ನಿಮಗೆ?"

"ಫ್ಯಾನು ಪಕ್ಕದ ಮನೇದು ಸಾರ್. ಕುರ್ಚೀನೂ ಅವರದ್ದೇ. ಮೇಷ್ಟ್ರು ಬರ್ತಾರೆ ಅಂತ ಮರ್ಯಾದೆಗೆ ತಂದಿಟ್ಟಿದ್ವಿ."

"ಮರ್ಯಾದೆ ಬರೆಯೋಕೆ ಇದರಲ್ಲಿ ಜಾಗ ಇಲ್ವಲ್ಲಮ್ಮ" ಅಂದ. ಪಕ್ಕದ ಟೇಬಲಿನವನು ಕಿಸಕ್ಕನೆ ನಕ್ಕ. ನನಗೆ ಆ ಕಟ್ಟನ್ನೆಲ್ಲಾ ಎತ್ತಿ ಹೇಮಾವತಿಗೆ ಎಸೆದು ಬರಬೇಕು ಅನ್ನಿಸಿತು. ಅಲ್ಲಾ, ಉಸಿರಾಡೋಕೆ ಆಗದೆ ಗೋಡೆಗೆ ಒರಗಿ ಕೂತ ಹೆಂಗಸು ಬಡವಳೋ ಸಾಹುಕಾರಳೋ ಅಂತ ತಿಳ್ಕೊಳ್ಳೋಕೆ ಗಡಿಯಾರ ಎಣಿಸ್ತಾರಲ್ಲ, ಇವರಿಗೆ ಏನು ಹೇಳೋದು? ನಿಂತುಹೋದ ಗಡಿಯಾರ ಅದು!

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ ಕೇಳಿದೆ. "ನಮ್ಮ ಮನೆ ಸ್ಥಿತಿ ನಿಮಗೆ ಗೊತ್ತಿರಲಿಲ್ವಾ ಸಾರ್? ಹೈಸ್ಕೂಲಲ್ಲಿ ನನಗೆ ಫೀಸು ಬಿಡಿಸಿದ್ದು ನೀವೇ ಅಲ್ವಾ?"

ಮೇಷ್ಟ್ರು ಪಾಪ, ಪೆಚ್ಚಾಗಿ ನಿಂತರು. "ನಂಗೆ ಹೇಳಿದ್ದೇ ಅಷ್ಟು ಕಣಮ್ಮ. ಕಣ್ಣಲ್ಲಿ ಕಂಡದ್ದು ಬರೀರಿ, ಬಾಯಲ್ಲಿ ಹೇಳಿದ್ದು ಬರೀರಿ, ಸ್ವಂತದ್ದು ಏನೂ ಸೇರಿಸಬೇಡಿ ಅಂದಿದ್ರು. ಇದು ಆಸ್ಪತ್ರೆಗೂ ಬರುತ್ತೆ ಅಂತ ನಂಗೂ ಗೊತ್ತಿರಲಿಲ್ಲ." ಆಮೇಲೆ ಮೆತ್ತಗೆ ಅಂದರು, "ಮೂರು ಹೊತ್ತು ಅಂತ ನೀನೇ ಹೇಳಿದ್ದಲ್ವೇನಮ್ಮಾ?"

ಆ ಮಾತಿಗೇ ನಾನು ಇನ್ನೂ ಜೋರಾಗಿ ಕೂಗಾಡಿದೆ. ಮೇಷ್ಟ್ರು ಸಿಟ್ಟು ಮಾಡ್ಕೊಳ್ಳಲಿಲ್ಲ. ಒಳಗೆ ಹೋಗಿ ಬಿಳಿ ಹಾಳೆ ತಂದು, ಮನೆಗೆ ಇನ್ನೊಂದು ಸಲ ಬಂದು ನೋಡಬೇಕು ಅಂತ ಮುತ್ತಿನಂಥಾ ಅಕ್ಷರದಲ್ಲಿ ಅರ್ಜಿ ಬರೆದುಕೊಟ್ಟರು. ತನ್ನ ಬರವಣಿಗೆಯಲ್ಲಿ ತಪ್ಪಾಗಿದೆ ಅಂತ ಕೆಳಗೆ ಸಹಿಯನ್ನೂ ಹಾಕಿದರು. ಆಗ ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಕಾಲಿಗೆ ಬಿದ್ದೆ.

ಅರ್ಜಿ ಕೊಟ್ಟಾಯ್ತು. ಮಾರ್ಚು ಹೋಯ್ತು, ಏಪ್ರಿಲ್ ಬಂತು. ಕಚೇರಿಯ ರೇಷನ್ ಇನ್ಸ್‌ಪೆಕ್ಟರು ಬಂದು ಮನೆ ನೋಡಿ ಬರೆಯಬೇಕು, ಆದರೆ ಅವರಿಗೆ ಜೀಪಿಲ್ಲ. ಜೀಪಿದ್ದ ದಿನ ಡೀಸೆಲ್ಲಿಲ್ಲ. ಎರಡೂ ಇದ್ದ ದಿನ ಯಾರೋ ಮಂತ್ರಿ ಬರ್ತಾರೆ. ವಾರಕ್ಕೆರಡು ಸಲ ಕಾಲೇಜು ಬಿಟ್ಟು ಹೋಗಿ ಆ ಬೆಂಚಿನ ಮೇಲೆ ಕೂರ್ತಿದ್ದೆ.

ಅವ್ವ ಕೆಲಸ ಬಿಟ್ಟಿದ್ದಳು. ಒಂದಿನ ದೊಡ್ಡವ್ವ ಸೆರಗಲ್ಲಿ ಏನೋ ಮುಚ್ಕೊಂಡು ಬಂದು ಅವ್ವನ ಮಡಿಲಿಗೆ ಹಾಕಿದಳು. ಅವಳ ಹಳದಿ ಕಾರ್ಡು. "ತಗಳೇ. ನಾನು ಅಂತ ಹೇಳ್ಕಂಡು ಹೋಗಿ ಮಲಿಕ್ಕೊ. ಅಲ್ಲಿ ಯಾರಿಗೆ ಗೊತ್ತಾಗುತ್ತೆ ನಿನ್ನ ಮುಖ?"

ಅವ್ವನಿಗೆ ಆ ಏದುಸಿರಲ್ಲೂ ನಗು ಬಂತು. "ಅಯ್ಯೋ ಮಾರಾಯ್ತಿ, ಟೇಬಲ್ ಮ್ಯಾಲೇನಾದ್ರೂ ಸತ್ತೋದ್ರೆ? ಕಾಗದದಲ್ಲಿ ನೀನು ಸತ್ತಂಗಾಗ್ಬುಡ್ತದೆ ಕಣೇ. ಆಮ್ಯಾಕೆ ನಿನ್ ಮಕ್ಳಿಗೆ ಅಕ್ಕಿನೂ ಇಲ್ಲ, ಏನಿಲ್ಲ." ಇಬ್ಬರೂ ನಗ್ತಾ ನಗ್ತಾ ಅಳೋಕೆ ಶುರು ಮಾಡಿದರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ದೊಡ್ಡವ್ವನ ಮೇಲೆ ಇಷ್ಟು ದಿನ ಒಳಗೊಳಗೇ ಹಲ್ಲು ಕಡೀತಿದ್ದೆ, ಇನ್ನು ಅದೂ ಮಾಡೋ ಹಾಗಿರಲಿಲ್ಲ. ಅವ್ವ ಕಾರ್ಡನ್ನ ವಾಪಸು ಅವಳ ಸೆರಗಿಗೇ ಕಟ್ಟಿ ಕಳಿಸಿದಳು.

ಮೇ ತಿಂಗಳ ಮೊದಲ ಅಡ್ಡಮಳೆ ಬಿತ್ತು. ಅವತ್ತು ರಾತ್ರಿಯೆಲ್ಲಾ ಅವ್ವ ಕೆಮ್ಮಿದಳು. ಮಾರನೇ ದಿನ ಕಚೇರಿಗೆ ಹೋಗಿ ಇನ್ಸ್‌ಪೆಕ್ಟರ ಟೇಬಲಿನ ಮುಂದೆ ನಿಂತೆ. ಅವರು ತಲೆ ಎತ್ತದೆ "ಮುಂದಿನ ವಾರ ನೋಡೋಣ" ಅಂದರು.

"ಆಯ್ತು ಸಾರ್, ನಿಧಾನಕ್ಕೆ ಬನ್ನಿ. ಅಷ್ಟೊತ್ತಿಗೆ ನಮ್ಮವ್ವ ಹೋಗಿದ್ರೆ ಮಣ್ಣಿಗೇ ಬನ್ನಿ. ಅವತ್ತೂ ಪಕ್ಕದ ಮನೆ ಕುರ್ಚಿ ತಂದಿಡ್ತೀವಿ, ಕೂತ್ಕೊಂಡೇ ಬರ್ಕೊಳ್ಳೋರಂತೆ!" ಎಷ್ಟು ಜೋರಾಗಿ ಕೂಗಿದೆ ಅಂದರೆ ಹೊರಗೆ ಅರ್ಜಿ ಬರೆಯೋರೂ ಒಳಗೆ ಬಂದು ನೋಡಿದರು. ಇನ್ಸ್‌ಪೆಕ್ಟರು ತಲೆ ಎತ್ತಿದರು. ನಾನು ಅಲ್ಲಿಗೆ ಹೋಗೋಕೆ ಶುರು ಮಾಡಿದಮೇಲೆ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. ನಾಳೆ ಬರ್ತೀನಿ ಅಂದರು.

ಮನೆಗೆ ಬಂದವಳೇ ಗಡಿಯಾರ ಇಳಿಸಿದೆ. ಇದ್ದ ನಾಲ್ಕು ಸ್ಟೀಲ್ ಲೋಟ, ಅಪ್ಪನ ಫೋಟೋಕ್ಕೆ ಹಾಕಿಸಿದ್ದ ಗಾಜಿನ ಕಟ್ಟು, ಅವ್ವನ ಮದುವೆಯ ಟ್ರಂಕು, ಎಲ್ಲಾ ಹೊತ್ಕೊಂಡು ದೊಡ್ಡವ್ವನ ಮನೆಗೆ ಸಾಗಿಸಿದೆ. ಅವ್ವ ಗೋಡೆಗೆ ಒರಗಿ ನೋಡ್ತಾ ಇದ್ದಳು. ಬೆಳಿಗ್ಗೆ ಎದ್ದು ನೋಡಿದರೆ ತಲೆ ಬಾಚಿ, ವಿಭೂತಿ ಹಚ್ಚಿ, ಇದ್ದ ಒಂದೇ ಒಳ್ಳೇ ಸೀರೆ ಉಟ್ಟು ಕೂತವಳೆ!

"ಅದನ್ನ ಬಿಚ್ಚವ್ವ. ತೋಟಕ್ಕೆ ಉಡೋದು ಉಟ್ಕೊ."

"ಬಂದೋರಿಗೆ ಏನೇ ತೋರ್ಸದು, ನಮ್ ದರಿದ್ರನಾ?"

"ಹೂಂ! ಅದನ್ನ ನೋಡಕ್ಕೇ ಬರ್ತಿರದು ಅವರು!"

ಅವ್ವ ಸೀರೆ ಬದಲಾಯಿಸಲಿಲ್ಲ. ನಾನು ಕಿರುಚಾಡಿ, ಅತ್ತು, ಸಾಯಿ ಹೋಗು ಅಂತಲೂ ಅಂದುಬಿಟ್ಟೆ. ಅವಳು ಸೆರಗು ಸರಿಮಾಡ್ಕೊಂಡಳು. ಹೊರಗೆ ಜೀಪಿನ ಸದ್ದಾಯ್ತು.

ಇನ್ಸ್‌ಪೆಕ್ಟರು ಚಾಪೆ ಮೇಲೆ ಕೂತರು. ಅವರೇನು ಕೆಟ್ಟೋರಲ್ಲ, ಆದರೆ ಎಲ್ಲಾ ಕಂಡೋರು. ಗೋಡೆ ಮೇಲೆ ಗಡಿಯಾರ ಇದ್ದ ಕಡೆ ಬೆಳ್ಳಗೆ ಗುಂಡಗೆ ಗುರುತು ಉಳಿದಿತ್ತು. ಅದನ್ನ ನೋಡಿ ನನ್ನ ನೋಡಿದರು. "ಹಳದಿ ಕಾರ್ಡು ಅಂದ್ರೆ ಈಗ ಎಲ್ಲರ ಮನೇಲೂ ಗೋಡೆ ಖಾಲಿನೇ" ಅಂದು ಹಾಳೆ ಬಿಡಿಸಿದರು. ನನ್ನನ್ನೇ ಕೇಳಿದರು, "ದಿನಕ್ಕೆ ಎಷ್ಟು ಹೊತ್ತು ಉಣ್ತೀಯಮ್ಮ?"

"ಎರಡು ಹೊತ್ತು ಸಾರ್" ಅಂದೆ. ರಾತ್ರಿಯೆಲ್ಲಾ ಉರು ಹೊಡೆದಿದ್ದೆ.

"ಸುಳ್ಳು ಸ್ವಾಮಿ" ಅಂತ ಅವ್ವನ ದನಿ ಬಂತು. "ಅವ್ಳು ಸುಳ್ಳೇಳ್ತಾಳೆ. ಮೂರು ಹೊತ್ತೂ ಉಣ್ತಾಳೆ ಅವ್ಳು. ಒಂದಿನಾನೂ ನಾನು ನನ್ ಮಗಳನ್ನ ಉಪಾಸ ಕೆಡವಿಲ್ಲ."

ಮುಗೀತು ಅಂದ್ಕೊಂಡೆ. ಅಲ್ಲೇ ಅವಳ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಎರಡು ತಿಂಗಳು ಬೆಂಚು ಕಾದದ್ದು, ಮೇಷ್ಟ್ರ ಸಹಿ, ನನ್ನ ಕೂಗಾಟ, ಎಲ್ಲಾ ಒಂದೇ ಮಾತಿಗೆ ಹೊಳೆಗೆ ಹಾಕಿದಳಲ್ಲ ಅಂತ. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಅವ್ವನ ಕಡೆ ತಿರುಗಿ, "ಮತ್ತೆ ನೀವು?" ಅಂದರು.

"ನಾನು ಒಂದು ಹೊತ್ತು."

"ಯಾಕೆ, ಸೋಮವಾರದ ಒಪ್ಪತ್ತಾ?"

"ನಂಗೆ ದಿನಾ ಸೋಮವಾರನೇ ಸ್ವಾಮಿ."

ಉಸಿರು ಸಾಲದೆ ಸ್ವಲ್ಪ ನಿಲ್ಲಿಸಿದಳು. ಇನ್ಸ್‌ಪೆಕ್ಟರು ಎಷ್ಟು ದಿನದಿಂದ ಅಂತ ಕೇಳಿದರು. "ಇವರಪ್ಪ ಹೋದಾಗ್ನಿಂದ. ಬೆಳಗಿಂದು ಇವ್ಳಿಗಾಗ್ತದೆ, ರಾತ್ರೀದ್ರಲ್ಲಿ ಉಳಿದ್ರೆ ನಂಗೆ. ಮಧ್ಯಾನ ಏನಿಲ್ಲ."

"ಮಧ್ಯಾಹ್ನ ಬುತ್ತಿ ಒಯ್ತಿದ್ದೆಯಲ್ಲವ್ವಾ!" ಅಂದೆ ನಾನು. ಬಾಯಿಂದ ತಾನಾಗೇ ಬಂದುಬಿಟ್ಟಿತು.

ಅವ್ವ ನನ್ನ ಕಡೆ ನೋಡಲಿಲ್ಲ. ಬಾಗಿಲ ಹಿಂದೆ ನೇತಾಡ್ತಿದ್ದ ಡಬ್ಬಿ ಕಡೆ ನೋಡಿ, ಮೇಷ್ಟ್ರು ಬಟ್ಟೆ ಎಷ್ಟು ಜೊತೆ ಅಂತ ಕೇಳಿದಾಗ ನಕ್ಕಿದ್ದಳಲ್ಲ, ಹಾಗೇ ನಾಚಿಕೆಯಿಂದ ನಕ್ಕಳು. "ಬರೀ ಕೈಲಿ ಹೋದ್ರೆ ಜನ ಏನಂದಾರು? ಖಾಲಿ ಡಬ್ಬಿ ತಗಂಡೋಗಿ ಕಾಫಿಗಿಡದ ಮರೇಲಿ ಒಂದು ಗಳಿಗೆ ಕೂತಿದ್ದು ಬತ್ತಿದ್ದೆ."

ನಾನು ಆ ಮನೇಲೇ ಇದ್ದೆ. ಏಳು ವರ್ಷ ಅದೇ ಮೊಳೆಯ ಪಕ್ಕ ನನ್ನ ಸ್ಕೂಲು ಬ್ಯಾಗು, ಆಮೇಲೆ ಕಾಲೇಜು ಬ್ಯಾಗು ನೇತು ಹಾಕಿದ್ದೆ. ಕ್ಲಾಸಿಗೇ ಲೆಕ್ಕದಲ್ಲಿ ಮೊದಲು ಬಂದ ಹುಡುಗಿ ನಾನು, ಇಬ್ಬರ ಮನೆಗೆ ಎಷ್ಟು ರೊಟ್ಟಿ ತಟ್ತಾಳೆ ಅಂತ ಎಣಿಸಲಿಲ್ಲ. ಗುಮಾಸ್ತನ್ನ ಬೈದೆ, ಮೇಷ್ಟ್ರನ್ನ ಬೈದೆ, ಇನ್ಸ್‌ಪೆಕ್ಟರಿಗೆ ಮಣ್ಣಿಗೆ ಬಾ ಅಂದೆ. ಅವರಾದರೂ ಒಂದು ದಿನ ಬಂದು ಅರ್ಧ ಗಂಟೆ ಕೂತು ಹೋದೋರು.

ಇನ್ಸ್‌ಪೆಕ್ಟರು ಅಷ್ಟನ್ನೂ ಬರೆದರು. ಅವ್ವ ಕೊಟ್ಟ ಕಾಫಿ ಕುಡಿದರು. ದೊಡ್ಡವ್ವನ ಮನೆಗೆ ಸಾಗಿಸಿದ್ದ ಲೋಟದಲ್ಲಿ ಒಂದನ್ನ ಅವಳು ಬೆಳಗಾಗೋ ಮುಂಚೆ ಹೋಗಿ ವಾಪಸು ತಂದಿಟ್ಟಿದ್ದಳು, ಬಂದೋರಿಗೆ ಬೇಕಲ್ಲ ಅಂತ. ಎಂಟು ದಿನಕ್ಕೆ ಹಳದಿ ಕಾರ್ಡು ಬಂತು. ಎಂಟೇ ದಿನ! ಇಷ್ಟೇ ದಿನದ ಕೆಲಸಕ್ಕೆ ಎರಡು ತಿಂಗಳು ಉಸಿರುಗಟ್ಟಿಸಿದರಲ್ಲ, ಅದಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ.

ಜೂನ್ ಮೊದಲ ವಾರ ದೊಡ್ಡಾಸ್ಪತ್ರೇಲಿ ಬಲೂನು ಹಾಕಿದರು. ಡಾಕ್ಟರು ಆಚೆ ಬಂದು ಬಾಗಿಲು ಬಿಚ್ಕೊಂತು ಕಣಮ್ಮ ಅಂದಾಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎರಡನೇ ದಿನಕ್ಕೆ ಅವ್ವನ ತುಟಿಗೆ ಬಣ್ಣ ಬಂದಿತ್ತು. ಎಷ್ಟೋ ತಿಂಗಳಾದಮೇಲೆ ಬೆನ್ನು ಚಾಚಿ ಮಲಗಿ ನಿದ್ದೆ ಮಾಡಿದ್ದಳು.

ಕಾರ್ಡಿನಲ್ಲಿ ಏನೇನು ಬರುತ್ತೆ ಅಂತ ವಾರ್ಡಿನ ಸಿಸ್ಟರು ಮೊದಲ ದಿನವೇ ಹೇಳಿದ್ದರು. ಆಪರೇಷನ್ ಬರುತ್ತೆ, ಔಷಧಿ ಬರುತ್ತೆ, ಮಂಚ ಬರುತ್ತೆ, ರೋಗಿಗೆ ಮೂರು ಹೊತ್ತು ಊಟ ಬರುತ್ತೆ. ಜೊತೇಲಿ ಬಂದೋರಿಗೆ ಏನೂ ಇಲ್ಲ. ನಾನು ಬನ್ನು, ಟೀಯಲ್ಲಿ ಕಾಲ ಹಾಕ್ತಿದ್ದೆ. ಅವತ್ತು ಮಧ್ಯಾಹ್ನ ಅನ್ನ, ಸಾರು, ಒಂದು ಲೋಟ ಮಜ್ಜಿಗೆ ಬಂತು. ನಾನು ಔಷಧಿ ಚೀಟಿಗೆ ಸಹಿ ಹಾಕಿಸ್ಕೊಂಡು ಬರೋ ಹೊತ್ತಿಗೆ ಅವ್ವ ತಟ್ಟೆ ಮಧ್ಯ ಬೆರಳಲ್ಲಿ ಗೆರೆ ಎಳೆದು ಅನ್ನ ಎರಡು ಪಾಲು ಮಾಡಿ, ಒಂದು ಅಗುಳೂ ಮುಟ್ಟದೆ ಕೂತಿದ್ದಳು. ದೊಡ್ಡ ಪಾಲನ್ನ ನನ್ನ ಕಡೆ ತಿರುಗಿಸಿ, "ನೀನು ಉಣ್ಣು, ನಾನು ಆಮೇಲೆ ಉಣ್ತೀನಿ" ಅಂದಳು.

"ಇನ್ನೊಂದ್ಸಲ ಆ ಮಾತು ಆಡಿದ್ರೆ ನೋಡು!" ನಾನು ಕಿರುಚಿದ ಕಿರುಚಿಗೆ ಇಡೀ ವಾರ್ಡು ಎದ್ದು ಕೂತಿತು. ಸಿಸ್ಟರು ಓಡಿ ಬಂದರು. ಪಕ್ಕದ ಮಂಚದ ಅಜ್ಜಿ "ಹೆತ್ತೋಳಿಗೆ ಹಿಂಗಾ ಗದರದು, ಬಾಯಿಗೆ ಹುಳ ಬೀಳ" ಅಂತ ಶಾಪ ಹಾಕಿದಳು. ಹಾಕ್ಕೊಳ್ಳಲಿ ಅಂದ್ಕೊಂಡೆ. ಗೆರೆ ಅಳಿಸಿ ಎರಡು ಪಾಲನ್ನೂ ಸೇರಿಸಿ, ಸಾರು ಹುಯ್ದು ಕಲಸಿ ತಟ್ಟೇನ ಅವ್ವನ ತೊಡೆ ಮೇಲೆ ಇಟ್ಟೆ. "ಉಣ್ಣು. ನನ್ ಕಣ್ಣೆದುರಿಗೆ ಉಣ್ಣು" ಅಂದೆ.

ಅವ್ವ ನನ್ನನ್ನೂ ಸತ್ತ ಅಪ್ಪನನ್ನೂ ಸೇರಿಸಿ ಬೈತಾ ಬೈತಾ ಉಂಡಳು. ತಟ್ಟೆ ಖಾಲಿ ಆಗೋವರೆಗೂ ನಾನು ಎದುರಿಗೆ ಕೂತು ತುತ್ತು ಎಣಿಸಿದೆ.